ಸಮರ್‌ಕಂದದ ಒಂದು ಅಂಗಳದಲ್ಲಿ

ದಿಲ್ಲಿಯಿಂದ ಸುಮಾರು ಮೂರು ಗಂಟೆಗಳ ಪ್ರಯಾಣ. ವಿಮಾನ ತಾಷ್ಕೆಂಟ್‌ನಲ್ಲಿ ಇಳಿದಾಗ ಹೊರಗೆ ಅಕ್ಟೋಬರ್ ತಿಂಗಳ ತಂಪು ಗಾಳಿ ಬೀಸುತ್ತಿತ್ತು. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ ಹುಡುಗ ನಮ್ಮ ಹೆಸರು ಓದಿ, ಎದೆಯ ಮೇಲೆ ಕೈಯಿಟ್ಟು "ಅಸ್ಸಲಾಮು ಅಲೈಕುಮ್" ಎಂದ. ನನ್ನ ನಾದಿನಿಗೆ ಆಶ್ಚರ್ಯ. "ಇಮಿಗ್ರೇಶನ್‌ನಲ್ಲಿ ಸಲಾಮ್ ಹೇಳಿದ್ದನ್ನು ಇದೇ ಮೊದಲು ಕೇಳಿದ್ದು" ಎಂದಳು. ಹೊರಗೆ ಬಂದು ತಿರುಗಿ ನೋಡಿದರೆ ನಿಲ್ದಾಣದ ಹೆಸರು ಕಾಣಿಸಿತು: ಇಸ್ಲಾಂ ಕರಿಮೋವ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ.

ನಮ್ಮ ಮಾರ್ಗದರ್ಶಿ ಹಿಂದಿ ಕಲಿತ ತಾಷ್ಕೆಂಟ್‌ನ ಯುವತಿ. ಈ ಹೆಸರಿನ ಬಗ್ಗೆ ಅವಳನ್ನು ಕೇಳಿದೆ. "ಅವರು ನಮ್ಮ ಮೊದಲ ಅಧ್ಯಕ್ಷರು" ಎಂದಷ್ಟೇ ಹೇಳಿ ಲಗೇಜು ಎಣಿಸತೊಡಗಿದಳು. ಆ ಉತ್ತರದಲ್ಲಿ ಹೊಗಳಿಕೆಯೂ ಇರಲಿಲ್ಲ, ತೆಗಳಿಕೆಯೂ ಇರಲಿಲ್ಲ. ಮುಂದಿನ ಎಂಟು ದಿನಗಳಲ್ಲಿ ಇಂತಹ ಉತ್ತರಗಳನ್ನು ನಾನು ಬಹಳ ಕೇಳಲಿದ್ದೆ.

2023ರ ಆ ಪ್ರಯಾಣಕ್ಕೆ ನಾವು ಹೊರಟದ್ದು ಝಿಯಾರತಿಗೆಂದು. ಮದ್ರಸದಲ್ಲಿ ಕಲಿಯುವಾಗ ಹದೀಸ್ ಕಿತಾಬುಗಳ ಮೇಲೆ ಓದಿದ ಹೆಸರುಗಳು ಆ ನಾಡಿನ ಊರುಗಳವು. ಬುಖಾರಿ ಎಂದರೆ ಬುಖಾರಾದವರು, ತಿರ್ಮಿದಿ ಎಂದರೆ ತಿರ್ಮಿದ್‌ನವರು. ಈ ಊರುಗಳು ಕಿತಾಬಿನ ಹೊರಗೂ ಇವೆ, ಅಲ್ಲಿ ಬಸ್ಸು ಓಡುತ್ತದೆ, ಹೆಂಗಸರು ತರಕಾರಿಗೆ ಚೌಕಾಸಿ ಮಾಡುತ್ತಾರೆ ಎಂಬುದು ಚಿಕ್ಕಂದಿನಲ್ಲಿ ನನಗೆ ಹೊಳೆದೇ ಇರಲಿಲ್ಲ. ಆದರೆ ಹೋಗಿ ಬಂದ ಮೇಲೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಗುಮ್ಮಟಗಳಲ್ಲ. ಸಮರ್‌ಕಂದದ ಒಂದು ಮನೆಯ ಅಂಗಳ, ಮತ್ತು ಆ ಅಂಗಳದಲ್ಲಿ ಕುಳಿತು ಒಬ್ಬ ನಿವೃತ್ತ ಶಿಕ್ಷಕಿ ಹೇಳಿದ ಮಾತುಗಳು. ಅದನ್ನೇ ಸಹೋದರಿಯರಾದ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ತಾಷ್ಕೆಂಟ್‌ನಲ್ಲಿ ಒಂದು ದಿನ

ತಾಷ್ಕೆಂಟ್ ಎಂದರೆ ನಮ್ಮ ಹಿರಿಯರಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರ ನೆನಪು. 1966ರ ಜನವರಿ 10ರಂದು ಪಾಕಿಸ್ತಾನದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ ಶಾಸ್ತ್ರಿಯವರು ಮರುದಿನ ನಸುಕಿಗೆ ಮುಂಚೆ ಇದೇ ನಗರದಲ್ಲಿ ಕೊನೆಯುಸಿರೆಳೆದರು. ಅವರ ಹೆಸರಿನ ಬೀದಿಯೂ ಪ್ರತಿಮೆಯೂ ಅಲ್ಲಿವೆ. ಅದೇ ವರ್ಷ ಏಪ್ರಿಲ್‌ನಲ್ಲಿ ಭೂಕಂಪವಾಗಿ ಹಳೆಯ ನಗರದ ಬಹುಭಾಗ ಕುಸಿಯಿತು. ಈಗ ಕಾಣುವ ಅಗಲವಾದ ರಸ್ತೆಗಳು, ಸಾಲು ಸಾಲು ವಸತಿ ಕಟ್ಟಡಗಳು ಅನಂತರ ಸೋವಿಯತ್ ಸರಕಾರ ಕಟ್ಟಿದವು.

1977ರಲ್ಲಿ ಶುರುವಾದ ಇಲ್ಲಿನ ಮೆಟ್ರೊ ಬಹಳ ಚೆಂದ. ಒಂದೊಂದು ನಿಲ್ದಾಣವೂ ಅರಮನೆಯ ಹಜಾರದಂತೆ ಇದೆ. ನಾದಿನಿ ಮೊಬೈಲ್ ತೆಗೆದು ಫೋಟೊ ಹೊಡೆಯುತ್ತಲೇ ಇದ್ದಳು. ಮಾರ್ಗದರ್ಶಿ ನಕ್ಕಳು. "2018ರ ಮೊದಲು ಬಂದಿದ್ದರೆ ನಿಮ್ಮನ್ನು ಪೊಲೀಸರು ಹಿಡಿಯುತ್ತಿದ್ದರು" ಎಂದಳು. ಯುದ್ಧ ಬಂದರೆ ಮೆಟ್ರೊ ಆಶ್ರಯತಾಣವಾಗಬೇಕಾದ ಜಾಗ, ಹಾಗಾಗಿ ಫೋಟೊ ನಿಷಿದ್ಧವಾಗಿತ್ತು. 2018ರ ಜೂನ್‌ನಲ್ಲಿ ಆ ನಿಷೇಧ ತೆಗೆದರು. ಭಾರತೀಯರಿಗೆ ಮನೆಯಲ್ಲೇ ಕುಳಿತು 20 ಡಾಲರಿಗೆ ಇ-ವೀಸಾ ಪಡೆಯುವ ಸೌಲಭ್ಯ ಬಂದದ್ದೂ ಅದೇ ವರ್ಷ. ಅಂದರೆ ನಮ್ಮಂಥ ಸಾಧಾರಣ ಕುಟುಂಬದವರು ಆ ನೆಲದಲ್ಲಿ ಕಾಲಿಡಲು ಸಾಧ್ಯವಾದದ್ದರ ಹಿಂದೆಯೂ ಒಬ್ಬ ಮನುಷ್ಯನ ಸಾವು ಇದೆ.

ಆ ಮನುಷ್ಯ ಇಸ್ಲಾಂ ಕರಿಮೋವ್. 1938ರಲ್ಲಿ ಸಮರ್‌ಕಂದದಲ್ಲಿ ಹುಟ್ಟಿದವರು. 1989ರಲ್ಲಿ ಉಜ್ಬೇಕಿಸ್ತಾನದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾದರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕುರ್ಚಿ ಬಿಡಲಿಲ್ಲ, ಕುರ್ಚಿಯ ಹೆಸರು ಮಾತ್ರ ಬದಲಾಯಿತು. 2016ರಲ್ಲಿ ಸಾಯುವ ತನಕ, ಒಟ್ಟು 27 ವರ್ಷ, ಅವರದೇ ಆಳ್ವಿಕೆ. ಚುನಾವಣೆಗಳು ನಡೆಯುತ್ತಿದ್ದವು, ನಿಜವಾದ ಎದುರಾಳಿಗಳು ಇರುತ್ತಿರಲಿಲ್ಲ. ವಿರೋಧಿಸಿದವರು ಸೆರೆಮನೆಯಲ್ಲಿದ್ದರು ಅಥವಾ ಪರದೇಶದಲ್ಲಿದ್ದರು.

ಆ ಓಪಾ

ತಾಷ್ಕೆಂಟ್‌ನಿಂದ ಸಮರ್‌ಕಂದಕ್ಕೆ ಅಫ್ರಾಸಿಯಾಬ್ ಎಂಬ ವೇಗದ ರೈಲಿದೆ. ಎರಡು ಗಂಟೆ ಸ್ವಲ್ಪ ಮೇಲಾಗುತ್ತದೆ. ಕಿಟಕಿಯ ಹೊರಗೆ ಮೈಲುಗಟ್ಟಲೆ ಹತ್ತಿಯ ಹೊಲಗಳು. ಕೊಯ್ಲಿನ ಕಾಲ. ಅಲ್ಲಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡ ಹೆಂಗಸರು ಬಾಗಿ ಹತ್ತಿ ಬಿಡಿಸುತ್ತಿದ್ದರು. ನನಗೆ ಅದು ಬರೀ ಚಂದದ ದೃಶ್ಯವಾಗಿತ್ತು. ಎರಡು ದಿನಗಳ ನಂತರ ಅದೇ ದೃಶ್ಯವನ್ನು ಹಾಗೆ ನೋಡಲು ಸಾಧ್ಯವಾಗಲಿಲ್ಲ.

ನಾವು ಉಳಿದುಕೊಂಡದ್ದು ಹೋಟೆಲಿನಲ್ಲಲ್ಲ, ಅತಿಥಿಗಳಿಗೆ ಕೋಣೆ ಕೊಡುವ ಒಂದು ಮನೆಯಲ್ಲಿ. ಬೀದಿಯಿಂದ ನೋಡಿದರೆ ಎತ್ತರದ ಮಣ್ಣಿನ ಗೋಡೆ, ಒಂದು ಮರದ ಬಾಗಿಲು. ಒಳಗೆ ಹೋದರೆ ಅಗಲವಾದ ಅಂಗಳ, ದ್ರಾಕ್ಷಿಯ ಚಪ್ಪರ, ಅದರ ಕೆಳಗೆ ಮಂಚದಂತಹ ಕಟ್ಟೆ. ಮನೆಯ ಯಜಮಾನಿಗೆ ಅರವತ್ತು ದಾಟಿದೆ. ಎಲ್ಲರೂ ಅವರನ್ನು 'ಓಪಾ' ಎನ್ನುತ್ತಿದ್ದರು. ಅಕ್ಕ ಎಂದು ಅರ್ಥ. ನಾವೂ ಹಾಗೆಯೇ ಕರೆದೆವು. ಮಗ ರಷ್ಯಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಸೊಸೆ ಮತ್ತು ಹನ್ನೆರಡು ವರ್ಷದ ಮೊಮ್ಮಗಳು ಮಾತ್ರ.

ಭಾಷೆ ಬಾರದಿದ್ದರೂ ಮೊದಲ ದಿನವೇ ನಾವು ಅರ್ಧ ಮಾತಾಡಿಕೊಂಡೆವು. ಅವರು ಮೆಹಮಾನ್ ಎಂದರೆ ನಮಗೆ ಗೊತ್ತು. ಕಿತಾಬ್, ದೋಸ್ತ್, ಬಜಾರ್, ದುಕಾನ್, ಪಿಯಾಲಾ ಎಲ್ಲವೂ ನಮ್ಮ ಉರ್ದುವಿನವೇ. ರೊಟ್ಟಿಗೆ ನಾನ್, ಸಮೋಸಕ್ಕೆ ಸೋಂಸಾ. ಥ್ಯಾಂಕ್ಸ್ ಹೇಳುವುದಕ್ಕೆ 'ರಹ್ಮತ್'. ಕೃತಜ್ಞತೆಗೆ ಇದಕ್ಕಿಂತ ಒಳ್ಳೆಯ ಪದ ಬೇರೆ ಇದೆಯೇ ಎಂದು ನನಗೆ ಅನ್ನಿಸಿತು. ಉಳಿದ ಅರ್ಧವನ್ನು ಮಾರ್ಗದರ್ಶಿ ಹಿಂದಿಯಲ್ಲಿ ಹೇಳುತ್ತಿದ್ದಳು.

ನಾನು ಟೀಚರ್ ಎಂದು ತಿಳಿದಾಗ ಓಪಾ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. "ನಾನೂ ಟೀಚರ್. ಮೂವತ್ತನಾಲ್ಕು ವರ್ಷ, ಪ್ರಾಥಮಿಕ ಶಾಲೆ" ಎಂದರು. ಮತ್ತೆ ಸ್ವಲ್ಪ ತಡೆದು ನಗುತ್ತಾ ಸೇರಿಸಿದರು: "ಎಂಟು ತಿಂಗಳು ಟೀಚರ್, ಎರಡು ತಿಂಗಳು ಹತ್ತಿ ಕೂಲಿ."

ಬಿಳಿ ಬಂಗಾರ

ಆ ನಗುವಿನ ಅರ್ಥ ತಿಳಿದದ್ದು ರಾತ್ರಿ ಊಟದ ನಂತರ. ಉಜ್ಬೇಕಿಸ್ತಾನದಲ್ಲಿ ಹತ್ತಿಯನ್ನು ಬಿಳಿ ಬಂಗಾರ ಎನ್ನುತ್ತಾರೆ. ಆ ಬಂಗಾರ ಬೆಳೆದವನದ್ದಲ್ಲ, ಸರಕಾರದ್ದು. ರೈತ ಎಷ್ಟು ಎಕರೆಯಲ್ಲಿ ಹತ್ತಿ ಹಾಕಬೇಕು, ಎಷ್ಟು ಟನ್ ಕೊಡಬೇಕು, ಯಾವ ಬೆಲೆಗೆ ಕೊಡಬೇಕು ಎಂಬುದನ್ನೆಲ್ಲ ಮೇಲಿನವರು ನಿರ್ಧರಿಸುತ್ತಿದ್ದರು. ಕೊಟ್ಟ ಬೆಲೆ ಕಡಿಮೆ. ಆ ಬೆಲೆಗೆ ಕೂಲಿಯಾಳುಗಳು ಸಿಗುವುದಿಲ್ಲ. ಆದ್ದರಿಂದ ಪ್ರತಿ ಸೆಪ್ಟೆಂಬರಿನಲ್ಲಿ ಶಾಲೆಗಳನ್ನು ಮುಚ್ಚಿ ಮಕ್ಕಳನ್ನು ಹೊಲಕ್ಕೆ ಕಳಿಸುತ್ತಿದ್ದರು. ಅಂತಾರಾಷ್ಟ್ರೀಯ ಒತ್ತಡದಿಂದ 2012ರ ಹೊತ್ತಿಗೆ ಚಿಕ್ಕ ಮಕ್ಕಳನ್ನು ಬಿಟ್ಟರು. ಅವರ ಜಾಗದಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ದಾದಿಯರು, ವೈದ್ಯರು ಹೋಗಬೇಕಾಯಿತು.

"ಬಸ್ಸು ಶಾಲೆಯ ಮುಂದೆಯೇ ಬರುತ್ತಿತ್ತು" ಎಂದರು ಓಪಾ. "ಮಕ್ಕಳು ಹಾಸಿಗೆ ಸುತ್ತಿಕೊಂಡು ಬರುತ್ತಿದ್ದರು. ದಿನಕ್ಕೆ ಇಷ್ಟು ಕಿಲೋ ಎಂದು ಲೆಕ್ಕ. ಸಂಜೆ ತೂಕ ಮಾಡುವಾಗ ಕಡಿಮೆ ಬಂದ ಮಕ್ಕಳನ್ನು ಬೈಯುವುದು ಟೀಚರ ಕೆಲಸ. ಟೀಚರ್ ಬೈಯದಿದ್ದರೆ ಹೆಡ್‌ಮಾಸ್ಟರ್ ಟೀಚರನ್ನು ಬೈಯುತ್ತಾರೆ. ಅವರನ್ನು ಬೈಯಲು ಅವರ ಮೇಲಿನವರು ಇದ್ದಾರೆ."

ಒಂದು ವರ್ಷ ಅವರ ತರಗತಿಯ ಹುಡುಗಿಯೊಬ್ಬಳಿಗೆ ಜ್ವರ ಬಂತು. ಮನೆಗೆ ಕಳಿಸಿದರೆ ಪಟ್ಟಿಯಲ್ಲಿ ಒಬ್ಬಳು ಕಡಿಮೆಯಾಗುತ್ತಾಳೆ. "ಇವತ್ತು ಒಂದು ದಿನ ಮಾಡು ಮಗಳೇ, ನಾಳೆ ನೋಡೋಣ ಎಂದೆ. ಹಾಗೆ ಮೂರು ದಿನ ಹೇಳಿದೆ. ನಾಲ್ಕನೇ ದಿನ ಅವಳು ಸಾಲಿನಲ್ಲೇ ಬಿದ್ದಳು." ಹುಡುಗಿ ಆಸ್ಪತ್ರೆ ಸೇರಿ ಬದುಕಿಕೊಂಡಳು. ಈಗ ಅವಳಿಗೂ ಮಕ್ಕಳಿದ್ದಾರೆ. ಬಜಾರಿನಲ್ಲಿ ಸಿಕ್ಕಿದಾಗ ಓಡಿ ಬಂದು ಸಲಾಮ್ ಹೇಳುತ್ತಾಳಂತೆ. "ಅವಳು ಮರೆತಿದ್ದಾಳೆ. ನನಗೆ ಮಾತ್ರ ಅವಳ ಮುಖ ನೋಡಲು ಆಗುವುದಿಲ್ಲ."

ನಾನು ಏನು ಹೇಳಲಿ? ನಾನೂ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿರುವವಳು. ಅಮಾನತ್ ಎಂಬ ಪದದ ಅರ್ಥವನ್ನು ಹಲಗೆಯ ಮೇಲೆ ಬರೆದು ವಿವರಿಸಿದವಳು. ಆ ಜಾಗದಲ್ಲಿ ನಾನಿದ್ದರೆ ಹುಡುಗಿಯನ್ನು ಮನೆಗೆ ಕಳಿಸುತ್ತಿದ್ದೆ ಎಂದು ಧೈರ್ಯವಾಗಿ ಹೇಳಲು ಬಾಯಿ ಬರಲಿಲ್ಲ. ಸರ್ವಾಧಿಕಾರಿ ಎಂದರೆ ರಾಜಧಾನಿಯಲ್ಲಿ ಕುಳಿತ ಒಬ್ಬ ಕ್ರೂರಿ ಎಂದು ನಾವು ತಿಳಿದುಕೊಳ್ಳುತ್ತೇವೆ. ಅವನ ಆಜ್ಞೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದು, ಒಬ್ಬ ಒಳ್ಳೆಯ ಟೀಚರ ಬಾಯಿಂದ "ಇವತ್ತು ಒಂದು ದಿನ ಮಾಡು ಮಗಳೇ" ಎಂದು ಹೊರಡುತ್ತದೆ ಎಂಬುದು ನನಗೆ ಆ ರಾತ್ರಿ ತಿಳಿಯಿತು.

ಕರಿಮೋವ್ ಸತ್ತ ಮರುವರ್ಷ, 2017ರ ಸೆಪ್ಟೆಂಬರಿನಲ್ಲಿ, ಹೊಲಕ್ಕೆ ಹೋಗಿದ್ದ ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಆಸ್ಪತ್ರೆ ಸಿಬ್ಬಂದಿಯನ್ನೂ ಹಿಂದೆ ಕರೆಸುವಂತೆ ಸರಕಾರ ಆದೇಶಿಸಿತು. ಒಂದೇ ವರ್ಷದಲ್ಲಿ ಎಲ್ಲವೂ ನಿಲ್ಲಲಿಲ್ಲ. ಬಿಡಿಸುವವರ ಕೂಲಿಯನ್ನು ಹೆಚ್ಚಿಸಿದರು. 2020ರಲ್ಲಿ ಹತ್ತಿಯ ಸರಕಾರಿ ಕೋಟಾ ರದ್ದಾಯಿತು. 2021ರ ಕೊಯ್ಲಿನಲ್ಲಿ ವ್ಯವಸ್ಥಿತವಾದ ಬಲವಂತದ ದುಡಿಮೆ ಇಲ್ಲವಾಗಿದೆ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ತಿಳಿಸಿತು. 2022ರ ಮಾರ್ಚಿನಲ್ಲಿ ಉಜ್ಬೇಕ್ ಹತ್ತಿಯ ಮೇಲಿದ್ದ ಜಾಗತಿಕ ಬಹಿಷ್ಕಾರವನ್ನು ಹಿಂತೆಗೆದುಕೊಳ್ಳಲಾಯಿತು. ಈಗ ಹತ್ತಿ ಕೊಳ್ಳುವುದು ಖಾಸಗಿ ಕಂಪೆನಿಗಳು. ಅವರೆದುರು ತಮಗೆ ಆಯ್ಕೆ ಕಡಿಮೆ ಎಂದು ರೈತರು ದೂರುವುದುಂಟು. ಆದರೂ ಶಾಲೆಯ ಮುಂದೆ ಬಸ್ಸು ಬಂದು ನಿಲ್ಲುವುದಿಲ್ಲ. "ನಾನು ನಿವೃತ್ತಳಾದ ವರ್ಷವೇ ಅದು ನಿಂತಿತು" ಎಂದರು ಓಪಾ. "ನನ್ನ ಮೊಮ್ಮಗಳು ಹತ್ತಿಯ ಗಿಡ ಮುಟ್ಟಿಲ್ಲ."

ಬೀದಿ ತೊಳೆದ ರಾತ್ರಿ

2016ರ ಆಗಸ್ಟ್ ಕೊನೆಯ ವಾರ. ಸ್ವಾತಂತ್ರ್ಯ ದಿನಾಚರಣೆಗೆ ಸಿದ್ಧತೆ ನಡೆಯುತ್ತಿತ್ತು. ಅಧ್ಯಕ್ಷರು ಆಸ್ಪತ್ರೆಯಲ್ಲಿದ್ದಾರೆ ಎಂದು ಸರಕಾರ ಒಂದು ಸಾಲಿನ ಸುದ್ದಿ ಕೊಟ್ಟಿತು. ಅವರ ಕಿರಿಯ ಮಗಳು ಮಿದುಳಿನ ರಕ್ತಸ್ರಾವ ಎಂದು ತಿಳಿಸಿದಳು. ಅನಂತರ ಮೌನ. ಸೆಪ್ಟೆಂಬರ್ 2ರ ಸಂಜೆ ತನಕ ಸಾವಿನ ಸುದ್ದಿಯನ್ನು ಅಧಿಕೃತವಾಗಿ ಯಾರೂ ಹೇಳಲಿಲ್ಲ. ಅದಕ್ಕೂ ಮೊದಲೇ ತುರ್ಕಿಯ ಪ್ರಧಾನಿ ಸಂತಾಪ ಸೂಚಿಸಿಬಿಟ್ಟಿದ್ದರು!

"ಸಮರ್‌ಕಂದದವರಿಗೆ ಯಾರೂ ಹೇಳಬೇಕಾಗಿರಲಿಲ್ಲ" ಎಂದರು ಓಪಾ. "ರಾತ್ರಿ ಬೀದಿಗಳನ್ನು ತೊಳೆಯುತ್ತಿದ್ದರು, ರಸ್ತೆ ರಿಪೇರಿ ಮಾಡುತ್ತಿದ್ದರು. ಅವರ ಹುಟ್ಟೂರಿಗೆ ಅವರು ಬರುತ್ತಿದ್ದಾರೆ ಎಂದು ನಮಗೆ ಗೊತ್ತಾಯಿತು." ಮರುದಿನ, 3ರಂದು, ಹಝ್ರತ್ ಖಿಝ್ರ್ ಮಸೀದಿಯ ಬಳಿ ದಫನ ಮಾಡಿದರು.

"ನೀವು ಅತ್ತಿರಾ?" ಎಂದು ನಾದಿನಿ ಕೇಳಿದಳು.

"ಅತ್ತೆ" ಎಂದರು. "ಪ್ರೀತಿಯಿಂದಲ್ಲ, ಭಯದಿಂದ. ಪಕ್ಕದ ತಜಿಕಿಸ್ತಾನದಲ್ಲಿ ಐದು ವರ್ಷ ಅಂತರ್ಯುದ್ಧ ನಡೆದದ್ದನ್ನು ನಾವು ನೋಡಿದ್ದೆವು. ನಾನಿಲ್ಲದಿದ್ದರೆ ನಿಮಗೂ ಅದೇ ಗತಿ ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ನಾವು ನಂಬಿದ್ದೆವು."

ಅಂತಹದ್ದೇನೂ ಆಗಲಿಲ್ಲ. ಸಂವಿಧಾನದ ಪ್ರಕಾರ ಸೆನೆಟ್ ಅಧ್ಯಕ್ಷರು ಹಂಗಾಮಿ ರಾಷ್ಟ್ರಾಧ್ಯಕ್ಷರಾಗಬೇಕಿತ್ತು. ಅವರು ಹಿಂದೆ ಸರಿದರು. 2003ರಿಂದ ಪ್ರಧಾನಿಯಾಗಿದ್ದ ಶವ್ಕತ್ ಮಿರ್ಝಿಯೊಯೆವ್ ಆ ಜಾಗಕ್ಕೆ ಬಂದರು, ಡಿಸೆಂಬರಿನ ಚುನಾವಣೆಯಲ್ಲಿ 88 ಶೇಕಡಾಕ್ಕೂ ಹೆಚ್ಚು ಮತ ಪಡೆದರು. ಹದಿಮೂರು ವರ್ಷ ಕರಿಮೋವರ ಕೈಕೆಳಗೆ ದುಡಿದವರು ಏನು ಬದಲಾಯಿಸಿಯಾರು ಎಂದು ಹೊರಗಿನವರೆಲ್ಲ ಅಂದುಕೊಂಡಿದ್ದರು. ಆದರೆ ಬದಲಾವಣೆಗಳು ಬಂದವು. ಹದಿನೆಂಟು ವರ್ಷ ಜೈಲಿನಲ್ಲಿದ್ದ ಪತ್ರಕರ್ತ ಮುಹಮ್ಮದ್ ಬೆಕ್ಜಾನೊವ್ 2017ರಲ್ಲಿ ಬಿಡುಗಡೆಯಾದರು. 1995ರಿಂದ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದ ರುಸ್ತಮ್ ಇನೊಯಾತೊವ್‌ರನ್ನು 2018ರ ಜನವರಿಯಲ್ಲಿ ತೆಗೆದರು. ಚಿತ್ರಹಿಂಸೆಗೆ ಕುಖ್ಯಾತವಾಗಿದ್ದ ಮರುಭೂಮಿಯ ಜಸ್ಲಿಕ್ ಜೈಲನ್ನು 2019ರಲ್ಲಿ ಮುಚ್ಚಿದರು.

ಕರಿಮೋವರ ಗೋರಿಯನ್ನು ನಾವೂ ನೋಡಿದೆವು. ಒಂದು ಮುದುಕಿ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ದುಆ ಮಾಡುತ್ತಿದ್ದಳು. ನಾನು ಸ್ವಲ್ಪ ದೂರದಲ್ಲಿ ನಿಂತೆ. 2005ರ ಮೇ 13ರಂದು ಅಂದಿಜಾನ್ ನಗರದ ಚೌಕದಲ್ಲಿ ಸೇರಿದ್ದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದ್ದರು. ಸತ್ತವರು 187 ಎಂದು ಸರಕಾರ ಹೇಳಿತು. ಇನ್ನೂ ಎಷ್ಟೋ ಹೆಚ್ಚು ಎಂದು ಮಾನವ ಹಕ್ಕು ಸಂಘಟನೆಗಳು ಹೇಳಿದವು. ಸ್ವತಂತ್ರ ತನಿಖೆ ಇಂದಿಗೂ ಆಗಿಲ್ಲ. ಸತ್ತವರ ಲೆಕ್ಕ ಅಲ್ಲಾಹನ ಬಳಿ ಇದೆ, ಸತ್ತ ಆಡಳಿತಗಾರನ ಲೆಕ್ಕವೂ ಅವನ ಬಳಿಯೇ ಇದೆ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಹೊರಬಂದೆ.

ಚೀಲ ತುಂಬ ಹಣ

ಗೋರಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಿಯಾಬ್ ಬಜಾರು. ಒಣ ದ್ರಾಕ್ಷಿ, ಬಾದಾಮಿ, ಚಕ್ರದಂತೆ ಹೊಳೆಯುವ ಸಮರ್‌ಕಂದದ ನಾನ್. ನನ್ನ ಪತಿ ನೂರು ಡಾಲರ್ ಬದಲಾಯಿಸಿದಾಗ ಹನ್ನೆರಡು ಲಕ್ಷ ಸೋಮ್‌ಗಿಂತ ಹೆಚ್ಚು ಸಿಕ್ಕಿತು. "ಇವತ್ತು ಲಕ್ಷಾಧಿಪತಿಯಾದೆ" ಎಂದು ನಕ್ಕರು. ಕೈಯಲ್ಲಿದ್ದದ್ದು ಕೆಲವೇ ನೋಟುಗಳು, ಏಕೆಂದರೆ ಈಗ ಒಂದು ಲಕ್ಷ, ಎರಡು ಲಕ್ಷ ಸೋಮ್‌ಗಳ ನೋಟುಗಳೂ ಇವೆ. 2013ರ ತನಕ ಸಾವಿರದ ನೋಟೇ ದೊಡ್ಡದು. ಮನೆಗೆ ಒಂದು ಫ್ರಿಜ್ ತರಬೇಕಾದರೆ ಹಣವನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಬೇಕಿತ್ತು ಎಂದು ಓಪಾ ಹೇಳಿದರು.

ಅದಕ್ಕಿಂತ ದೊಡ್ಡ ತೊಂದರೆ ಡಾಲರಿನ ಎರಡು ಬೆಲೆಗಳದ್ದು. ಬ್ಯಾಂಕಿನಲ್ಲಿ ಡಾಲರಿಗೆ ಸುಮಾರು 4,200 ಸೋಮ್, ಬಜಾರಿನಲ್ಲಿ ಅದರ ಹೆಚ್ಚುಕಡಿಮೆ ಎರಡು ಪಟ್ಟು. ಸಾಮಾನ್ಯ ಜನರಿಗೆ ಬ್ಯಾಂಕಿನ ದರದಲ್ಲಿ ಡಾಲರ್ ಸಿಗುತ್ತಲೇ ಇರಲಿಲ್ಲ. ಅಧಿಕಾರಸ್ಥರಿಗೆ ಬೇಕಾದವರಿಗೆ ಸಿಗುತ್ತಿತ್ತು. ಅವರು ಅಗ್ಗದ ಡಾಲರಿನಲ್ಲಿ ಸರಕು ತರಿಸಿ ಬಜಾರಿನ ಬೆಲೆಗೆ ಮಾರಿ ಶ್ರೀಮಂತರಾದರು. ಗೃಹಿಣಿ ಎಣ್ಣೆಗೂ ಸಕ್ಕರೆಗೂ ಕೊಟ್ಟ ಹೆಚ್ಚಿನ ಹಣ ಅವರ ಜೇಬಿಗೆ ಹೋಯಿತು. 2017ರ ಸೆಪ್ಟೆಂಬರ್ 5ರಂದು ಸರಕಾರ ಈ ಎರಡು ಬೆಲೆಗಳನ್ನು ಒಂದು ಮಾಡಿತು. ಒಂದೇ ದಿನದಲ್ಲಿ ಅಧಿಕೃತ ದರ 8,100ಕ್ಕೆ ಏರಿತು. ಕಾಳಸಂತೆಯ ಡಾಲರ್ ವ್ಯಾಪಾರಕ್ಕೆ ಕೆಲಸವಿಲ್ಲದಾಯಿತು. ವಿದೇಶಕ್ಕೆ ಹೋಗಲು ಸರಕಾರದ ಅಪ್ಪಣೆ ಬೇಕೆಂಬ 'ನಿರ್ಗಮನ ವೀಸಾ' 2019ರ ಜನವರಿಯಿಂದ ರದ್ದಾಯಿತು.

ಇದರಿಂದ ಎಲ್ಲರೂ ಸುಖವಾಗಿದ್ದಾರೆಯೇ? ಬಜಾರಿನಲ್ಲಿ ಅಣಬೆಗಳಂತೆ ಅಂಗಡಿಗಳು, ಹೊಸ ಹೋಟೆಲುಗಳು, ಪ್ರವಾಸಿಗಳ ಗುಂಪುಗಳು ಕಾಣುತ್ತವೆ. ಓಪಾ ಅವರ ಮನೆಗೆ ಅತಿಥಿಗಳು ಬರುತ್ತಿರುವುದೂ ಹಾಗೆಯೇ. ಆದರೆ ಅವರ ಪಿಂಚಣಿ ಬೆಲೆಗಳ ಹಿಂದೆ ಓಡಿ ಸುಸ್ತಾಗಿದೆ. 2023ರ ಜನವರಿಯ ಚಳಿಯಲ್ಲಿ ಗ್ಯಾಸ್ ಇಲ್ಲದೆ, ಕರೆಂಟ್ ಇಲ್ಲದೆ ಕೋಟು ತೊಟ್ಟೇ ಮಲಗಿದ್ದನ್ನು ಸೊಸೆ ಹೇಳಿದಳು. ನಾವು ಬಂದ ಮೇಲೆ 2024ರಲ್ಲಿ ವಿದ್ಯುತ್ ದರವನ್ನೂ ಏರಿಸಿದರು. ನಗರಗಳಲ್ಲಿ ಹೊಸ ಕಟ್ಟಡಗಳಿಗಾಗಿ ಹಳೆಯ ಮನೆಗಳನ್ನು ಕೆಡವಿ, ಸರಿಯಾದ ಪರಿಹಾರ ಕೊಡದೆ ಜನರನ್ನು ಬೀದಿಗೆ ತಂದದ್ದೂ ಇದೆ. ಲಕ್ಷಗಟ್ಟಲೆ ಗಂಡಸರು ಇನ್ನೂ ರಷ್ಯಾದಲ್ಲಿ ದುಡಿಯುತ್ತಿದ್ದಾರೆ. ಗಲ್ಫಿಗೆ ಗಂಡಂದಿರನ್ನೂ ಮಕ್ಕಳನ್ನೂ ಕಳಿಸಿರುವ ನಮ್ಮ ಕರಾವಳಿಯ ಹೆಂಗಸರಿಗೆ ಆ ಸೊಸೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಒಂದು ಒಳ್ಳೆಯ ಮಾತೆಂದರೆ, 2020ರಲ್ಲಿ ಅಧ್ಯಕ್ಷರೇ ದೇಶದಲ್ಲಿ 40-50 ಲಕ್ಷ ಬಡವರಿದ್ದಾರೆ ಎಂದು ಒಪ್ಪಿಕೊಂಡರು. ಕರಿಮೋವರ ಕಾಲದಲ್ಲಿ ಬಡತನ ಎಂಬ ಪದವನ್ನೇ ಅಧಿಕಾರಿಗಳು ಆಡುತ್ತಿರಲಿಲ್ಲ. ರೋಗವಿದೆ ಎಂದು ಒಪ್ಪಿಕೊಂಡ ಮೇಲೆ ತಾನೇ ಮದ್ದು?

ಸೊಸೆಯ ಕಣ್ಣಲ್ಲಿ ನೀರು ಬಂದದ್ದು ಬೇರೆ ವಿಷಯಕ್ಕೆ. ಅವಳ ಚಿಕ್ಕಮ್ಮ ಇರುವುದು ಪಂಜಕೆಂತ್‌ನಲ್ಲಿ. ಸಮರ್‌ಕಂದದಿಂದ ಅರುವತ್ತು ಕಿಲೋಮೀಟರ್ ಅಷ್ಟೆ, ಆದರೆ ಅದು ತಜಿಕಿಸ್ತಾನ. 2010ರಲ್ಲಿ ಕರಿಮೋವ್ ಸರಕಾರ ಅಲ್ಲಿನ ಗಡಿ ದಾರಿಯನ್ನು ಮುಚ್ಚಿತು. ಒಂದೂವರೆ ಗಂಟೆಯ ದಾರಿಗೆ ವೀಸಾ ಮಾಡಿಸಿ ದೂರದ ಸುತ್ತು ಹಾಕಿ ಹೋಗಬೇಕಾಯಿತು. ಚಿಕ್ಕಮ್ಮ ಇವಳ ಮದುವೆಗೆ ಬರಲಿಲ್ಲ, ಇವಳ ಅಜ್ಜಿಯ ಮಯ್ಯಿತ್ತಿಗೂ ಬರಲಿಲ್ಲ. 2018ರ ಮಾರ್ಚಿನಲ್ಲಿ ಗಡಿ ತೆರೆದ ದಿನ ಎರಡೂ ಕಡೆಯ ಜನ ನಾನ್ ಹಿಡಿದುಕೊಂಡು ಓಡಿದರಂತೆ. "ಚಿಕ್ಕಮ್ಮ ಬಾಗಿಲಲ್ಲಿ ನಿಂತು ನನ್ನ ಮಗಳನ್ನು ನೋಡಿ, ಇವಳು ಯಾರು ಎಂದು ಕೇಳಿದರು" ಎಂದಳು. ಎಂಟು ವರ್ಷ ಒಬ್ಬ ಅಧ್ಯಕ್ಷನ ಹಟಕ್ಕಾಗಿ ಕುಟುಂಬಗಳು ತುಂಡಾಗಿದ್ದವು.

ಮುಚ್ಚಿದ ಬಾಗಿಲು

ಮೂರನೇ ದಿನ ಸುಬಹಿಗೆ ಎದ್ದಾಗ ದೂರದಿಂದ ಅಝಾನ್ ಕೇಳಿಸಿತು. ಕರಿಮೋವರ ಕಾಲದಲ್ಲಿ ಧ್ವನಿವರ್ಧಕದಲ್ಲಿ ಅಝಾನ್ ಕೇಳಿಸುತ್ತಿರಲಿಲ್ಲ. 1999ರ ಫೆಬ್ರವರಿಯಲ್ಲಿ ತಾಷ್ಕೆಂಟ್‌ನಲ್ಲಿ ಬಾಂಬ್ ಸ್ಫೋಟಗಳಾದ ಮೇಲೆ ಗಡ್ಡ ಬಿಟ್ಟವನು, ಮಸೀದಿಗೆ ತಪ್ಪದೆ ಹೋಗುವವನು ಎಲ್ಲರೂ ಶಂಕಿತರಾದರು. ಓಪಾ ಅವರ ತಮ್ಮನಿಗೂ ಆರು ವರ್ಷ ಜೈಲಾಯಿತು. ಬಿಡುಗಡೆಯ ನಂತರವೂ ಅವನ ಹೆಸರು ಪೊಲೀಸರ ಕಪ್ಪು ಪಟ್ಟಿಯಲ್ಲಿತ್ತು. ಆ ಪಟ್ಟಿಯಲ್ಲಿದ್ದವರು 17 ಸಾವಿರಕ್ಕೂ ಹೆಚ್ಚು. 2017ರಲ್ಲಿ ಅವರಲ್ಲಿ ಸುಮಾರು 16 ಸಾವಿರ ಮಂದಿಯ ಹೆಸರನ್ನು ತೆಗೆದರು, ಅವನ ಹೆಸರೂ ಅದರಲ್ಲಿತ್ತು. 2021ರ ಹೊಸ ಕಾನೂನು ಸಾರ್ವಜನಿಕ ಸ್ಥಳದಲ್ಲಿ ಧಾರ್ಮಿಕ ಉಡುಪು ಧರಿಸಬಾರದೆಂಬ ನಿಷೇಧವನ್ನು ತೆಗೆಯಿತು. ಅದೇ ವರ್ಷ ಶಾಲೆಗಳಲ್ಲಿ ಹುಡುಗಿಯರಿಗೆ ಬಿಳಿ ಅಥವಾ ತಿಳಿ ಬಣ್ಣದ ಶಿರವಸ್ತ್ರಕ್ಕೆ ಅನುಮತಿ ಸಿಕ್ಕಿತು. ಮೊಮ್ಮಗಳು ಬೆಳಿಗ್ಗೆ ಬಿಳಿ ವಸ್ತ್ರ ಕಟ್ಟಿಕೊಂಡು ಶಾಲೆಗೆ ಹೊರಡುವುದನ್ನು ನೋಡಿ ನನಗೆ ನಮ್ಮ ಊರಿನ ಹುಡುಗಿಯರ ನೆನಪಾಯಿತು.

ಆ ಸಂಜೆ ಚಪ್ಪರದ ಕೆಳಗೆ ಚಹಾ ಕುಡಿಯುತ್ತಿದ್ದೆವು. ಮೊಮ್ಮಗಳು ನಾಚಿಕೊಂಡು ನನ್ನ ಬಳಿ ಬಂದು ಅಲ್ ಫಾತಿಹಾ ಓದತೊಡಗಿದಳು. ಇಂಪಾದ ಧ್ವನಿ. ಕೊನೆಯ ಆಯತ್‌ನಲ್ಲಿ 'ದ್ವಾದ್' ಅಕ್ಷರದ ಉಚ್ಚಾರ ತಪ್ಪಿತು. ಇಪ್ಪತ್ತು ವರ್ಷಗಳ ಅಭ್ಯಾಸ, ಸುಮ್ಮನಿರಲು ಆಗಲಿಲ್ಲ. "ನಾಲಿಗೆಯ ಬದಿಯನ್ನು ಇಲ್ಲಿಗೆ ತಾಗಿಸು, ಮಗಳೇ" ಎಂದು ನನ್ನ ಬಾಯಿ ತೋರಿಸಿ ಹೇಳಿದೆ. ಅವಳು ಎರಡು ಸಲ, ಮೂರು ಸಲ ಪ್ರಯತ್ನಿಸಿದಳು.

ಓಪಾ ಮೆಲ್ಲನೆ ಎದ್ದರು. ಬೀದಿಯ ಬಾಗಿಲನ್ನು ಮುಚ್ಚಿ ಅಗುಳಿ ಹಾಕಿ ಬಂದು ಮತ್ತೆ ಕುಳಿತರು. ಯಾರೂ ಏನೂ ಮಾತಾಡಲಿಲ್ಲ.

ರಾತ್ರಿ ಮಾರ್ಗದರ್ಶಿ ನನಗೆ ವಿವರಿಸಿದಳು. ಸರಕಾರದ ಅನುಮತಿ ಇಲ್ಲದೆ ಮನೆಯಲ್ಲಿ ಧಾರ್ಮಿಕ ವಿದ್ಯೆ ಕಲಿಸುವುದು ಅಲ್ಲಿ ಈಗಲೂ ಅಪರಾಧ. ದಂಡವೂ ಇದೆ, ಬಂಧನವೂ ಇದೆ. 2021ರ ಕಾನೂನು ಅದನ್ನು ಬದಲಾಯಿಸಲಿಲ್ಲ. ಹುಡುಗಿಯರಿಗಾಗಿ ಬುಖಾರಾದಲ್ಲಿ ಜೂಯಿಬಾರಿ ಕಲಾನ್, ತಾಷ್ಕೆಂಟ್‌ನಲ್ಲಿ ಖದೀಜಾಯಿ ಕುಬ್ರಾ ಎಂಬ ಅಂಗೀಕೃತ ಮದ್ರಸಗಳಿವೆ. ಆದರೆ ನೆರೆಮನೆಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಅಲಿಫ್ ಬಾ ಹೇಳಿಕೊಡುವಂತಿಲ್ಲ.

ಅಂದು ನಿದ್ದೆ ಬರಲಿಲ್ಲ. ನನ್ನ ಉಮ್ಮ ನಮ್ಮ ಮನೆಯ ಜಗಲಿಯಲ್ಲಿ ಊರಿನ ಮಕ್ಕಳಿಗೆ ಓದಿಸುತ್ತಿದ್ದುದು ನೆನಪಾಯಿತು. ಉಜ್ಬೇಕ್ ಹೆಂಗಸರಲ್ಲೂ ಅಂತಹವರಿದ್ದರು. 'ಓತಿನ್' ಎಂದು ಅವರನ್ನು ಕರೆಯುತ್ತಿದ್ದರು. 1927ರಲ್ಲಿ ಸೋವಿಯತ್ ಸರಕಾರ ಹೆಂಗಸರ ಪರ್ದಾ ತೆಗೆಸುವ ಆಂದೋಲನ ಮಾಡಿ, ಮುಂದೆ ಮಸೀದಿ ಮದ್ರಸಗಳನ್ನು ಮುಚ್ಚಿದಾಗ, ಅಡುಗೆಮನೆಗಳಲ್ಲಿ ಕುರ್‌ಆನನ್ನು ಉಳಿಸಿದವರು ಈ ಓತಿನ್‌ಗಳೇ. ಓಪಾ ಅವರ ಅಜ್ಜಿಯೂ ಒಬ್ಬ ಓತಿನ್ ಆಗಿದ್ದರಂತೆ. ಅವರೂ ಹೀಗೆಯೇ ಬಾಗಿಲು ಮುಚ್ಚುತ್ತಿದ್ದಿರಬೇಕು.

ಅಧಿಕಾರದ ವಿಷಯದಲ್ಲೂ ಹೀಗೆಯೇ ಆಗಿದೆ. 2022ರ ಜುಲೈಯಲ್ಲಿ ಕರಕಲ್ಪಾಕಿಸ್ತಾನದ ಸ್ವಾಯತ್ತತೆಯನ್ನು ಕಿತ್ತುಕೊಳ್ಳುವ ತಿದ್ದುಪಡಿಯ ವಿರುದ್ಧ ನುಕುಸ್ ನಗರದಲ್ಲಿ ಪ್ರತಿಭಟನೆ ನಡೆದು, ಸರಕಾರದ ಲೆಕ್ಕದಲ್ಲೇ 21 ಮಂದಿ ಸತ್ತರು. ತಿದ್ದುಪಡಿ ಹಿಂತೆಗೆದುಕೊಂಡರು, ಆದರೆ ಮುಂದಾಳುವಿಗೆ 16 ವರ್ಷ ಜೈಲಾಯಿತು. 2023ರ ಏಪ್ರಿಲ್‌ನಲ್ಲಿ ಜನಮತ ನಡೆಸಿ ಅಧ್ಯಕ್ಷರ ಅವಧಿಯನ್ನು ಐದರಿಂದ ಏಳು ವರ್ಷಕ್ಕೆ ಏರಿಸಿದರು. ಹಳೆಯ ಅವಧಿಗಳು ಲೆಕ್ಕಕ್ಕಿಲ್ಲ ಎಂದಾಯಿತು. ಜುಲೈಯಲ್ಲಿ ಚುನಾವಣೆ ನಡೆದು ಮಿರ್ಝಿಯೊಯೆವ್ ಮತ್ತೆ ಗೆದ್ದರು. ಅದೇ ವರ್ಷ ಮನೆಯೊಳಗಿನ ಹಿಂಸೆಯನ್ನು ಶಿಕ್ಷಾರ್ಹ ಅಪರಾಧ ಮಾಡುವ ಒಳ್ಳೆಯ ಕಾನೂನೂ ಬಂತು, ಸಾರ್ವಜನಿಕವಾಗಿ ಮುಖ ಮುಚ್ಚಿದರೆ ದಂಡ ಹಾಕುವ ಕಾನೂನೂ ಬಂತು. ಒಂದು ಕೈಯಿಂದ ಕೊಡುವುದು, ಇನ್ನೊಂದು ಕೈಯಿಂದ ಹಿಡಿದಿಟ್ಟುಕೊಳ್ಳುವುದು. ಕೊಡುವವನ ಮರ್ಜಿಯಿಂದ ಸಿಕ್ಕಿದ್ದು ಅವನ ಮರ್ಜಿಯಿಂದಲೇ ಹೋಗಬಹುದು ಎಂಬ ಅಳುಕು ಆ ಅಂಗಳದಲ್ಲಿ ಇನ್ನೂ ಇತ್ತು.

ಬೆಳಿಗ್ಗೆ ಹೊರಡುವಾಗ ಓಪಾ ಒಂದು ನಾನನ್ನು ನನ್ನ ಕೈಗಿತ್ತು, ಅದರ ಅಂಚನ್ನು ಕಚ್ಚಲು ಹೇಳಿದರು. ದೂರ ಹೊರಟವರು ಒಂದು ತುಂಡು ಕಚ್ಚಿ ಹೋಗಬೇಕು, ಉಳಿದದ್ದನ್ನು ಮನೆಯವರು ತೂಗುಹಾಕಿ ಇಡುತ್ತಾರೆ, ಅವರು ಮತ್ತೆ ಬಂದು ಅದನ್ನು ತಿನ್ನಲಿ ಎಂಬ ಹಾರೈಕೆ ಅದು. ನಾನು ಕ್ಷಮೆ ಕೇಳಿದೆ. "ನಿನ್ನೆ ನನ್ನಿಂದ ನಿಮಗೆ ತೊಂದರೆಯಾಗುತ್ತಿತ್ತು. ನನಗೆ ಗೊತ್ತಿರಲಿಲ್ಲ" ಎಂದೆ.

ಓಪಾ ತಲೆಯಾಡಿಸಿದರು. "ಮೊದಲು ಅವಳು ಓದತೊಡಗಿದ್ದರೆ ನಾನು ಅವಳ ಬಾಯಿ ಮುಚ್ಚುತ್ತಿದ್ದೆ" ಎಂದರು. "ನಿನ್ನೆ ಬಾಗಿಲು ಮಾತ್ರ ಮುಚ್ಚಿದೆ."

ಮೊಮ್ಮಗಳು ಶಾಲೆಯ ಚೀಲ ಹೊತ್ತು ಬೀದಿಯ ತಿರುವಿನ ತನಕ ನಮ್ಮೊಂದಿಗೆ ನಡೆದು ಬಂದಳು. ಕೈಬೀಸುವ ಮೊದಲು ಸುತ್ತಲೂ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಆ ಅಕ್ಷರವನ್ನು ಹೇಳಿ ತೋರಿಸಿದಳು. ಈ ಸಲ ಸರಿಯಾಗಿತ್ತು. ಅವಳ ಮಕ್ಕಳ ಕಾಲಕ್ಕೆ ಆ ಬಾಗಿಲು ತೆರೆದೇ ಇರಲಿ ಎಂದು ದುಆ ಮಾಡುತ್ತಾ ಬುಖಾರಾದ ರೈಲು ಹತ್ತಿದೆ.